ಹೊಸ್ತಿಲ ಹೊರಗಿನ ಸೆಲ್ಲುಗಳು

ನಮ್ಮ ಅತ್ತೆಯವರ ಮನೆಯಲ್ಲಿ ಚರ್ಮದ ವಸ್ತು ಹೊಸ್ತಿಲು ದಾಟುತ್ತಿರಲಿಲ್ಲ. ಚಪ್ಪಲಿಯ ಮಾತು ಬಿಡಿ, ಅದು ಎಲ್ಲರ ಮನೆಯಲ್ಲೂ ಹೊರಗೇ. ಇಲ್ಲಿ ಸೊಂಟದ ಪಟ್ಟಿ, ಪಾಕೀಟು, ಕೈಗಡಿಯಾರ ಕೂಡ ಹೊರಗೆ. ಬಾಗಿಲ ಪಕ್ಕದ ಗೂಡಿನಲ್ಲಿ ನಮ್ಮವರ ಗಡಿಯಾರ ರಾತ್ರಿಯೆಲ್ಲ ತನ್ನ ಪಾಡಿಗೆ ಟಿಕ್ ಟಿಕ್ ಎನ್ನುತ್ತ ಕೂತಿರುತ್ತಿತ್ತು. ಚಳಿಗಾಲದ ಬೆಳಗ್ಗೆ ಅದರ ಗಾಜಿನ ಒಳಗೆ ತೆಳ್ಳನೆಯ ಒಂದು ಮಬ್ಬು ಕಟ್ಟಿರುತ್ತಿತ್ತು. ಹೊಸತಾಗಿ ಬಂದಾಗ ನಾನು ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದ್ದೆ. ಮಬ್ಬು ಒಳಗಿದ್ದರೆ ಹೊರಗೆ ಒರೆಸಿ ಏನು ಬಂತು?

ಈ ರೂಢಿ ನನಗೆ ಹೊಸದಲ್ಲ. ನನ್ನ ತವರು ಜುಗೂಳದ ಹೊಳೆದಂಡೆ, ನಾವೂ ಜೈನರೇ. ಆದರೆ ನನ್ನ ಶಾಲೆಯೆಲ್ಲ ಬೆಳಗಾವಿಯ ಕಾನ್ವೆಂಟಿನಲ್ಲಿ ನಡೆಯಿತು. ಅಲ್ಲಿ ಕರಿ ಬೂಟುಗಳನ್ನು ಮಂಚದ ಕೆಳಗೇ ಸಾಲಾಗಿಟ್ಟು ಮಲಗುತ್ತಿದ್ದೆವು. ಈ ಸಂಗತಿ ಹೇಗೋ ಅತ್ತೆಯವರಿಗೆ ತಿಳಿದುಹೋಗಿತ್ತು. "ಸೊಸಿ ಶಾಣ್ಯಾಕಿ ಅದಾಳ, ಖರೆ ಒಳಗ್ಯಾವ್ದು ಹೊರಗ್ಯಾವ್ದು ಇನ್ನೂ ತಿಳಿವಲ್ದು" ಎಂದು ನೆರೆಯವರ ಮುಂದೆ ಹೇಳುತ್ತಿದ್ದರು. ಹಾಗೆ ಹೇಳುತ್ತಲೇ ನನ್ನ ತಾಟಿಗೆ ಇನ್ನೊಂದು ಚಮಚ ತುಪ್ಪ ಬಿಡುತ್ತಿದ್ದರು. ಹಾಗಾಗಿ ನನಗೆ ಬೇಸರವಾಗುತ್ತಿರಲಿಲ್ಲ.

ಊರು ಇದ್ದದ್ದು ನಿಪ್ಪಾಣಿಯಿಂದ ಚಿಕ್ಕೋಡಿಗೆ ಬರುವ ದಾರಿಯಲ್ಲಿ. ಹೊಲದ ತುಂಬ ಬೀಡಿ ತಂಬಾಕು. ಕಬ್ಬು ನೋಡಿ ಬೆಳೆದ ನನಗೆ ಆ ಎಲೆಯ ನಾಜೂಕು ಗೊತ್ತಿರಲಿಲ್ಲ. ಗಿಡ ಕಡಿದು ಹೊಲದಲ್ಲೇ ಒಣಗಲು ಹಾಸುತ್ತಾರೆ. ಒಣಗಿದ ಮೇಲೆ ಹಗಲು ಹೊತ್ತಿನಲ್ಲಿ ಮುಟ್ಟುವಂತಿಲ್ಲ, ಮುಟ್ಟಿದರೆ ಸುಟ್ಟ ಹಪ್ಪಳದ ಹಾಗೆ ಪುಡಿಪುಡಿ. ಬೆಳಗಿನ ಜಾವ ಇಬ್ಬನಿ ಕುಡಿದು ಎಲೆ ಹಳೆಯ ಸೀರೆಯಷ್ಟು ಮೆತ್ತಗಾಗುತ್ತದೆ. ಎತ್ತಿ ಒಟ್ಟುವ ಕೆಲಸ ಆಗಲೇ ಆಗಬೇಕು. ಬಿಸಿಲು ಚುರುಕಾಯಿತೆಂದರೆ ಆ ದಿನದ ಕೆಲಸ ಅಲ್ಲಿಗೆ ನಿಂತಿತು. ಹಾಗಾಗಿ ಹಲ್ಲು ಕಟಕಟಿಸುವ ಚಳಿಯಲ್ಲಿ, ಕತ್ತಲಿರುವಾಗಲೇ, ಎಲ್ಲರೂ ಹೊಲದಲ್ಲಿ.

ಬೆಳಕು ಬೇಕಲ್ಲ? ಕಂದೀಲು ಒಯ್ಯಲು ಅತ್ತೆಯವರು ಒಪ್ಪುತ್ತಿರಲಿಲ್ಲ. ಉರಿಗೆ ಹುಳ ಬಿದ್ದು ಸಾಯುತ್ತವೆ ಎಂಬುದು ಅವರ ಮೊದಲ ಮಾತು. ಒಣಗಿದ ಎಲೆಯ ನಡುವೆ ಬೆಂಕಿ ಯಾಕೆ ಎಂಬುದು ನಮ್ಮವರ ಮಾತು. ಕೈಬ್ಯಾಟರಿ ಹಿಡಿದರೆ ಒಂದು ಕೈ ಹೋಯಿತು, ಈ ಕೆಲಸಕ್ಕೋ ಎರಡೂ ಕೈ ಬೇಕು. ಕೊನೆಗೆ ನಮ್ಮವರು ಮೀರಜದ ಪೇಟೆಯಿಂದ ಎರಡು ತಲೆಬ್ಯಾಟರಿ ತಂದರು. ಹಣೆಗೆ ಕಟ್ಟುವ ಲಾಡಿಯ ಪಟ್ಟಿ, ಅದರ ನಡುವೆ ಪುಟ್ಟ ದೀಪ, ಬೆನ್ನ ಮೇಲೆ ಇಳಿಯುವ ವೈರು, ಸೊಂಟಕ್ಕೆ ನಾಲ್ಕು ದೊಡ್ಡ ಸೆಲ್ಲು ಹಿಡಿಯುವ ತಗಡಿನ ಡಬ್ಬಿ. ಒಂದು ಅವರಿಗೆ, ಇನ್ನೊಂದು ಹೆಣ್ಣಾಳುಗಳ ಗುಂಪಿಗೆ ಹಿರಿಯಳಾದ, ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದವಳಿಗೆ. ಇಬ್ಬನಿಗೆ ಡಬ್ಬಿ ತುಕ್ಕು ಹಿಡಿಯುತ್ತದೆಂದು ನಿಪ್ಪಾಣಿಯಲ್ಲಿ ಒಳ್ಳೆಯ ಚರ್ಮದ ಚೀಲ ಹೊಲಿಸಿದರು. ಬದಲಿಗೆಂದು ಒಯ್ಯುವ ಹೆಚ್ಚಿನ ಸೆಲ್ಲುಗಳಿಗೂ ಅದರಲ್ಲೇ ಒಂದು ಕಿಸೆ. ಬಿಗಿಯಾದ ಹೊಲಿಗೆ, ಬಿಗಿಯಾದ ಗುಂಡಿ. ನೋಡಲು ಚೆಂದವಿತ್ತು.

ಚರ್ಮವಾದ್ದರಿಂದ ಅದೂ ಹೊರಗಿನ ಗೂಟಕ್ಕೆ, ಗಡಿಯಾರದ ನೆರೆಗೆ.

ನಾನು ಹೇಳುತ್ತಿರುವುದು ಮದುವೆಯಾದ ಎರಡನೆಯ ಚಳಿಗಾಲದ ಮಾತು. ಎಂಬತ್ತರ ದಶಕ ಆಗಿನ್ನೂ ಅರ್ಧ ಕಳೆದಿರಲಿಲ್ಲ. ಆ ವರ್ಷದ ಎಲೆಯೆಲ್ಲ ಒಣಗಿ ಹೊಲದಲ್ಲಿ ಬಿದ್ದಿತ್ತು, ಆಗಲೇ ಪಡುವಣಕ್ಕೆ ಮೋಡ ಕಾಣಿಸಿಕೊಂಡವು. ಬಿದ್ದ ಎಲೆಯ ಮೇಲೆ ಒಂದು ಮಳೆ ಬಂದರೂ ಅದು ಕಪ್ಪಾಗುತ್ತದೆ, ಆಮೇಲೆ ಬೀಡಿಯವರು ಅದನ್ನು ಮೂಸಿಯೂ ನೋಡುವುದಿಲ್ಲ. ಮಳೆ ಬರುವ ಮೊದಲು ಎಲೆ ಮನೆ ಸೇರಬೇಕಿತ್ತು. ಆದರೆ ತಲೆಬ್ಯಾಟರಿಗಳು ಕೈಕೊಡುತ್ತಿದ್ದವು. ಹೊಲಕ್ಕೆ ಕಾಲಿಟ್ಟಾಗ ಬೆಳ್ಳಗೆ ಹತ್ತುತ್ತಿದ್ದ ದೀಪ, ಎರಡು ಸಾಲು ಮುಗಿಯುವುದರೊಳಗೆ ಹಳದಿ, ಆಮೇಲೆ ಕೆಂಪು, ಆಮೇಲೆ ಕತ್ತಲೆ. ಹೊಸ ಸೆಲ್ಲು ಹಾಕಿದರೂ ಅಷ್ಟೇ. ಇಬ್ಬನಿ ಹದವಾಗಿ ಬಿದ್ದ ಹೊತ್ತಿನಲ್ಲಿ ಎಲ್ಲರೂ ಕಂಬಳಿ ಹೊದ್ದು, ಬದುವಿನ ಮೇಲೆ ಕೂತು, ಮೂಡಣ ಕೆಂಪಾಗುವುದನ್ನು ಕಾಯುವುದಾಯಿತು.

"ಅಂಗಡಿಯಾಂವ ಹಳೇ ಮಾಲ ಕೊಟ್ಟಾನ" ಎಂದು ನಮ್ಮವರು ಸಿಟ್ಟಾದರು.

"ಅಂಗಡಿ ಬದಲ ಮಾಡೂದು ಎಷ್ಟನೇದ ಆತು?" ಅತ್ತೆ ಕೇಳಿದರು. "ನಿಪ್ಪಾಣಿ ಆತು, ಚಿಕ್ಕೋಡಿ ಆತು. ಇನ್ನ ಅಥಣಿಗೆ ಹೋಗ್ತಿಯೇನ ಸೆಲ್ ತರಾಕ?"

ಬೆಳಗ್ಗೆ ಹೊಲದಿಂದ ಬಂದ ನಮ್ಮವರು ಸೆಲ್ಲುಗಳನ್ನು ತೆಗೆದು ಹಿತ್ತಲ ಗೋಡೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಸೋತ ಸೆಲ್ಲನ್ನು ಬಿಸಿಲಿಗಿಡುವುದು ನಮ್ಮ ಕಡೆ ಎಲ್ಲರೂ ಮಾಡುವುದೇ. ಅವತ್ತು ನಾನೇ ಅವನ್ನು ಅವರ ಕೈಯಿಂದ ಇಸಿದುಕೊಂಡೆ. ಹೊಳೆಯ ತಳದಿಂದ ಎತ್ತಿದ ಕಲ್ಲಿನ ಹಾಗೆ ಅಂಗೈ ಕೊರೆದವು. ಮಧ್ಯಾಹ್ನ ಬಟ್ಟೆ ತೆಗೆಯಲು ಹೋದಾಗ ಮತ್ತೆ ಮುಟ್ಟಿ ನೋಡಿದೆ. ಈಗ ಕುದಿಸಿದ ಗೆಣಸಿನ ಹಾಗೆ ಬೆಚ್ಚಗಿದ್ದವು. ಸಂಜೆ ಕೊಟ್ಟಿಗೆಗೆ ಹೋಗುವಾಗ ಅವನ್ನೇ ಕೈಬ್ಯಾಟರಿಗೆ ಹಾಕಿದರೆ ಎಮ್ಮೆಯ ಕಣ್ಣು ಕುಕ್ಕುವಷ್ಟು ಬೆಳಕು.

ಬೆಳಗ್ಗೆ ಸತ್ತಿದ್ದವು ಸಂಜೆಗೆ ಎದ್ದು ಕೂತರೆ ಅವು ಸತ್ತೇ ಇರಲಿಲ್ಲವೆಂದೇ ಅರ್ಥ. ಮರಗಟ್ಟಿದ್ದವು ಅಷ್ಟೆ. ಹೊಲದಿಂದ ಬಂದ ಅತ್ತೆಯವರಿಗೆ ಸೆರಗಿನ ಪಿನ್ನು ಬಿಚ್ಚಲು ಬೆರಳು ಬಾಗುತ್ತಿರಲಿಲ್ಲ, ಕಂಕುಳಲ್ಲಿ ಕೈ ಇಟ್ಟುಕೊಂಡು ಸ್ವಲ್ಪ ಕೂತರೆ ಅದೇ ಬೆರಳು ಚಟಚಟನೆ ಬೀನ್ಸು ಮುರಿಯುತ್ತಿದ್ದವು. ಇಂಥದೇ ಇನ್ನೊಂದು ನೆನಪಾಯಿತು. ಕಾನ್ವೆಂಟಿನಲ್ಲಿ ನಾವು ಮಲಗಿದ್ದೇವೋ ಇಲ್ಲವೋ ನೋಡಲು ಬರುತ್ತಿದ್ದ ಸಿಸ್ಟರ್ ಟಾರ್ಚನ್ನು ಸ್ವೆಟರಿನ ತೋಳಿನೊಳಗೆ ತೂರಿಸಿ ಹಿಡಿದಿರುತ್ತಿದ್ದರು. ನಮ್ಮ ನಿದ್ದೆ ಕೆಡಬಾರದೆಂದು ಹಾಗೆ ಮಾಡುತ್ತಾರೆ ಎಂದೇ ನಾನು ತಿಳಿದಿದ್ದೆ. ಬೆಳಗಾವಿಯ ಚಳಿ ಏನು ಕಡಿಮೆಯೇ?

ನಮ್ಮಲ್ಲಿ ಹೊತ್ತು ಮುಳುಗುವುದರೊಳಗೆ ಊಟ. ಅವತ್ತು ಊಟ ಮುಗಿದ ಮೇಲೆ ನಾನು ಹೊರಗೆ ಹೋಗಿ ಗೂಟದಲ್ಲಿದ್ದ ಚರ್ಮದ ಚೀಲವನ್ನು ಮುಟ್ಟಿ ನೋಡಿದೆ. ಆಗಲೇ ತಣ್ಣಗಾಗಿತ್ತು. ಅದು ಬೆಳಗಿನವರೆಗೆ ಅಲ್ಲೇ ನೇತಾಡಿ, ಆಮೇಲೆ ಕಂಬಳಿಯ ಮೇಲೆ, ಗಾಳಿಗೆ ಎದುರಾಗಿ, ಸೊಂಟದಲ್ಲಿ ಕೂರಬೇಕು. ಹೆಚ್ಚಿನ ಸೆಲ್ಲುಗಳೂ ಅದರ ಜೊತೆಗೇ. ಕೆಲಸಕ್ಕೆ ಮೊದಲೇ ಅವು ಅರ್ಧ ಸೋತಿದ್ದವು.

"ಅತ್ತೀ, ಒಂದ ಮಾತ ಕೇಳ್ಲ್ಯಾ?" ಎಂದೆ. "ಹೊರಗ ಇರಬೇಕಾಗಿದ್ದು ಚರ್ಮ ಅಲ್ರಿ? ಸೆಲ್ ಯಾಕ ಹೊರಗ ಇರಬೇಕು?"

"ಅದರಾಗ ಅದಾವಲ್ಲ, ಅದಕ್ಕ."

"ತಗದ ಒಳಗ ಇಟ್ರ?"

ಅತ್ತೆ ಕೈಚಾಚಿದರು. ನಾನು ಒಂದು ಸೆಲ್ಲು ಕೊಟ್ಟೆ. ತಿರುಗಿಸಿ ನೋಡಿದರು, ಉಗುರಿನಿಂದ ಕೆರೆದರು, ಮೂಗಿನ ಹತ್ತಿರ ಒಯ್ದು ಮೂಸಿದರು. "ಒಳಗ ಏನೈತಿ ಇದರಾಗ?"

"ಕರಿ ಪುಡಿ ಐತ್ರಿ, ತಗಡ ಐತ್ರಿ. ಚರ್ಮ, ಎಲಬು ಏನೂ ಇಲ್ರಿ."

"ಸಾಲ್ಯಾಗ ಒಡದ ನೋಡಿಯೇನ?"

"ನೋಡೀನ್ರಿ."

ನಿಜವಾಗಿಯೂ ನೋಡಿದ್ದೆ. ವಿಜ್ಞಾನದ ತರಗತಿಯಲ್ಲಿ ಒಂದು ಸೆಲ್ಲನ್ನು ಸೀಳಿ ತೋರಿಸಿದ್ದರು, ನನ್ನ ಸಮವಸ್ತ್ರದ ಮೇಲೆ ಅದರ ಮಸಿ ಬಿದ್ದು ಕಲೆ ಹೋಗಿರಲಿಲ್ಲ. ಅತ್ತೆ ಸೆಲ್ಲನ್ನು ನನ್ನ ಕೈಗೆ ಮರಳಿ ಕೊಟ್ಟರು. "ಅಡಗಿಮನಿ ಬ್ಯಾಡ. ಒಲಿ ಮುಂದ ಅಂತೂ ಬ್ಯಾಡೇ ಬ್ಯಾಡ, ಎಲ್ಲೆರೆ ಒಡದೀತು. ಹಾಸಗ್ಯಾಗ ಇಟ್ಕೋರಿ."

"ಅಂದ್ರ ನಾ ಸೆಲ್ ತಬ್ಕೊಂಡ ಮಕ್ಕೋಬೇಕೇನ್?" ನಮ್ಮವರು ಪಡಸಾಲೆಯಿಂದ ಕೂಗಿದರು.

"ಹೂಂ, ತಬ್ಕೊ. ಎಲಿ ಮನಿಗಿ ಬರೂತನಾ ತಬ್ಕೊ" ಎಂದರು ಅತ್ತೆ.

ಸೆಲ್ಲು ಒಳಗೆ ಬಂದರೆ ಅರ್ಧ ಕೆಲಸವಷ್ಟೆ. ಹೊಲದಲ್ಲಿ ಮತ್ತೆ ಚರ್ಮದ ಚೀಲಕ್ಕೆ ಹಾಕಿ ಗಾಳಿಗೆ ಒಡ್ಡಿದರೆ ಬಂದ ಲಾಭವೇನು? ಹರಿದ ಕೌದಿಯೊಂದರ ಅಂಚು ಕತ್ತರಿಸಿಕೊಂಡೆ. ಹತ್ತಾರು ಹಳೆಯ ಸೀರೆಗಳ ಪದರು, ದಪ್ಪ, ಮೆತ್ತನೆ. ಒಳಗಡೆ ನಮ್ಮವರ ಹಳೆಯ ಮಫ್ಲರಿನ ಉಣ್ಣೆ ಕೂಡಿಸಿ ಎರಡು ಚೀಲ ಹೊಲಿದೆ. ಪ್ರತಿ ಚೀಲಕ್ಕೂ ಎರಡು ಕಿಸೆ. ಒಂದರಲ್ಲಿ ಉರಿಯುವ ಸೆಲ್ಲಿನ ಡಬ್ಬಿ, ಇನ್ನೊಂದರಲ್ಲಿ ವಿಶ್ರಾಂತಿಯ ಸೆಲ್ಲು. ಚೀಲವನ್ನು ಹೊಟ್ಟೆಗೆ ಕಟ್ಟಿಕೊಳ್ಳುವುದು, ಅದರ ಮೇಲೆ ಅಂಗಿ, ಸ್ವೆಟರು, ಕಂಬಳಿ. ವೈರು ಕೊರಳಿನಿಂದ ಮೇಲೆ ಬರಬೇಕು. ಬೆಳಕು ಹಳದಿಯಾದ ಕೂಡಲೇ, ಕೆಂಪಾಗುವವರೆಗೆ ಕಾಯದೆ, ಸೆಲ್ಲು ಅದಲುಬದಲು ಮಾಡಬೇಕು. ದಣಿದವು ಮೈಶಾಖಕ್ಕೆ ಚೇತರಿಸಿಕೊಳ್ಳುತ್ತಿರಲಿ. ಹೊರೆ ಹೊತ್ತು ನಡೆಯುವಾಗ, ಮಾತಿಗೆ ನಿಂತಾಗ, ದೀಪ ಆರಿಸಬೇಕು. ಇಷ್ಟನ್ನು ಹೇಳುವಾಗ ನನ್ನ ದನಿಯಲ್ಲಿ ಅನುಮಾನ ಇರಲಿಲ್ಲ. ನಮ್ಮವರು ಅಲ್ಲೇ ಒಂದು ಚೀಲ ಕಟ್ಟಿಕೊಂಡು ನೋಡಿದರು.

ಮರುದಿನ ನಾನೂ ಹೊಲಕ್ಕೆ ಹೋದೆ. ಮೋಡ ಅರ್ಧ ಆಕಾಶ ಹಿಡಿದಿದ್ದರೂ ಇಬ್ಬನಿ ಬಿದ್ದಿತ್ತು. ಹೆಣ್ಣಾಳುಗಳ ಅಕ್ಕ ತನ್ನ ದೀಪವನ್ನು ನಮ್ಮವರ ಉಬ್ಬಿದ ಹೊಟ್ಟೆಯ ಮೇಲೆ ಬಿಟ್ಟು ಬಾಯಿಗೆ ಸೆರಗು ಒತ್ತಿಕೊಂಡಳು.

"ವೈನೀ, ಇದೇನ್ರಿ! ಸಾವ್ಕಾರರ್ನ ಬಸರ ಮಾಡಿ ಕರಕೊಂಡ ಬಂದೀರಿ! ಎಷ್ಟ ತಿಂಗಳಾತ್ರಿ?"

"ಬೆಳಗಾಗೂದರಾಗ ಹಡಿತಾರ, ನೀ ಎಲಿ ಎತ್ತ" ಎಂದು ನಾನೂ ಅಂದುಬಿಟ್ಟೆ. ಇಡೀ ಸಾಲು ನಕ್ಕಿತು. ಹತ್ತಿರವೇ ಅತ್ತೆ ಇದ್ದಾರೆಂಬುದು ಆಮೇಲೆ ನೆನಪಾಗಿ ಕಿವಿ ಬಿಸಿಯಾಯಿತು. ಆದರೆ ಅವರ ಶಾಲೂ ಅಲುಗುತ್ತಿತ್ತು.

ಅವತ್ತು ದೀಪ ಹಳದಿಗೆ ತಿರುಗಿದ್ದು ಅರ್ಧ ಹೊಲ ದಾಟಿದ ಮೇಲೆ. ಸೆಲ್ಲು ಬದಲಿಸಿದಾಗ ಮತ್ತೆ ಬೆಳ್ಳಗೆ. ಬೇರೆ ದಿನ ಬದುವಿನ ಮೇಲೆ ಕೂರುತ್ತಿದ್ದ ಹೊತ್ತಿನಲ್ಲಿ ಸಾಲಿನ ಮೇಲೆ ಸಾಲು ಏಳುತ್ತಿತ್ತು. ಎತ್ತಿದ ಎಲೆ ಸದ್ದು ಮಾಡುತ್ತಿರಲಿಲ್ಲ, ಮಡಿಸಿದ ಬಟ್ಟೆಯ ಹಾಗೆ ಒಂದರ ಮೇಲೊಂದು ಕೂರುತ್ತಿತ್ತು. ಕಾಗೆ ಕೂಗುವಾಗ ಆಳುಗಳು ತಾವೇ ತಿರುಗಿ ನೋಡಿ, ಇಷ್ಟು ಎತ್ತಿದೆವೇ ಎಂದರು.

ಆದರೂ ಕೆರೆಯ ಬದಿಯ ಹೊಲದ ಪಟ್ಟಿ ಉಳಿಯಿತು. ಒಳ್ಳೆಯ ಎಲೆ ಇದ್ದದ್ದೇ ಅಲ್ಲಿ, ಇನ್ನೊಂದು ಬೆಳಗು ಬೇಕಿತ್ತು. ಸಂಜೆ ಗಾಳಿ ತಿರುಗಿತು. ಅತ್ತೆ ಅಂಗಳದಲ್ಲಿ ನಿಂತು ಪಡುವಣ ನೋಡಿ ಒಳಗೆ ಬಂದರು. ನಾನು ಸೆಲ್ಲುಗಳನ್ನು ಹಾಸಿಗೆಯ ಸುರುಳಿಗೆ ಸೇರಿಸುತ್ತಿದ್ದೆ.

"ಆ ಚೀಲದಾಗ ಚರ್ಮ ಇಲ್ಲಲಾ?"

"ಇಲ್ರಿ, ನಿಮ್ಮ ಹಳೇ ಸೀರಿನ ಅದು."

"ಹಂಗಾರ ನಾಳೆ ಒಂದ ನನಗ ಕಟ್ಟ."

ಅಲ್ಲಿಯವರೆಗೆ ಅವರು ತಲೆಬ್ಯಾಟರಿ ಕಟ್ಟಿದವರಲ್ಲ. ಬೆಳಗಿನ ಜಪಕ್ಕೆ ಮೊದಲು ಮೈಗೆ ಚರ್ಮ ತಾಗಬಾರದು. ಅದಕ್ಕಾಗಿ ಇಷ್ಟು ವರ್ಷ ಕತ್ತಲಲ್ಲಿ ಬೆರಳಿನಿಂದಲೇ ಎಲೆಯ ಹದ ನೋಡುತ್ತ ನಡೆದವರು. ಮರುದಿನ ಮನೆಯಿಂದ ಹೊರಡುವ ಮೊದಲು, ಅಕ್ಕನ ಪಾಲಿನ ತಲೆಬ್ಯಾಟರಿ ತೆಗೆದುಕೊಂಡು, ಅವರ ಸೆರಗಿನ ಮೇಲೆ ನಾನೇ ಪಟ್ಟಿ ಕಟ್ಟಿದೆ. ವೈರನ್ನು ಕುಪ್ಪಸದ ಹಿಂದೆ ಇಳಿಸುವಾಗ "ಹಗೂರ, ಹಗೂರ, ಕಚಗುಳಿ ಆಗ್ತೈತಿ" ಎಂದು ಹುಡುಗಿಯಂತೆ ಹೆಗಲು ಕುಗ್ಗಿಸಿದರು.

ಹೊಲದಲ್ಲಿ ದೀಪ ಹತ್ತಿದ ಕ್ಷಣದಿಂದ ಅವರನ್ನು ಹಿಡಿಯುವವರಿಲ್ಲ. ಕೈಗೆ ಗೊತ್ತಿದ್ದದ್ದಕ್ಕೆ ಈಗ ಕಣ್ಣೂ ಸೇರಿತ್ತು. "ಈ ಸಾಲ ಯಾರ ಎತ್ತೀರಿ? ಬುಡದಾಗಿನ ಎಲಿ ನಿಮ್ಮ ಅಪ್ಪ ಬಂದ ಎತ್ತ್ಯಾನೇನ?" ಅವರ ಹಣೆಯ ಬೆಳಕು ಎಲ್ಲಿ ಬೀಳುತ್ತದೆಯೋ ಅಲ್ಲಿ ಎಲ್ಲರ ಬೆನ್ನು ಬಾಗುತ್ತಿತ್ತು. ಅಕ್ಕ ನನ್ನ ಕಿವಿಯಲ್ಲಿ, "ವೈನೀ, ನಿಮ್ಮ ಅತ್ತ್ಯಾರಿಗಿ ಯಾಕ ಕೊಟ್ರಿ ಇದನ್ನ? ಅವರ ಸೆಲ್ಲಷ್ಟ ಹೊರಗ ಇಡ್ರಿ ಇವತ್ತ!" ಎಂದಳು.

ಮೂಡಣ ಬೆಳಗುವ ಹೊತ್ತಿಗೆ ಕೆರೆಯ ಬದಿಯ ಪಟ್ಟಿ ಬರಿದಾಗಿತ್ತು. ಕೊನೆಯ ಗಾಡಿ ಕೊಟ್ಟಿಗೆಯ ಪಕ್ಕದ ದೊಡ್ಡ ಮಾಡಿನ ಕೆಳಗೆ ಹೋಗಿ ನಿಂತಿತು. ಅವತ್ತು ಸೂರ್ಯ ಹೊರಬರಲೇ ಇಲ್ಲ. ಮಧ್ಯಾಹ್ನ ಸಣ್ಣಗೆ ಶುರುವಾದ ಮಳೆ ಬರೀ ಕೂಳೆಯ ಮೇಲೆ ಬಿತ್ತು. ನಮ್ಮವರು ಕಟ್ಟೆಯ ಮೇಲೆ ಕೂತು ಅದನ್ನು ನೋಡುತ್ತ ಎರಡು ಬಟ್ಟಲು ಚಹಾ ಕುಡಿದರು. ಹೊಟ್ಟೆಗೆ ಕಟ್ಟಿದ ಚೀಲ ಬಿಚ್ಚುವುದನ್ನೇ ಮರೆತಿದ್ದರು.

ಆಮೇಲಿನ ಚಳಿಗಾಲಗಳಲ್ಲಿ ಕಬ್ಬೂರಿನಿಂದ, ಮುಗಳಖೋಡದಿಂದ ಬಂದ ಬೀಗರೂ ಆ ಚೀಲದ ಅಳತೆ ಒಯ್ದರು. ಕಬ್ಬಿಗೆ ನೀರು ಹಾಯಿಸುವವರಿಗೂ ಅದು ಒಗ್ಗಿತು. ನಮ್ಮವರ ಗಡಿಯಾರಕ್ಕೆ ನಾನು ಕ್ಯಾನ್ವಾಸಿನ ಪಟ್ಟಿ ಹಾಕಿಸಿದೆ, ಅದೂ ಒಳಗೆ ಬಂತು. ಚರ್ಮದ ಚೀಲ ಮಾತ್ರ ಬಹಳ ವರ್ಷ ಗೂಟದಲ್ಲೇ ಬರಿದಾಗಿ ನೇತಾಡುತ್ತಿತ್ತು.

ಚಳಿ ಶುರುವಾಯಿತೆಂದರೆ ಅತ್ತೆ ದಿನಾ ಸಂಜೆ ಬಾಗಿಲಿಗೆ ಅಗಳಿ ಹಾಕುವ ಮುಂಚೆ ಕೇಳುತ್ತಿದ್ದರು: "ಎಮ್ಮಿ ಕರಾ ಕಟ್ಟಿಯೇನ? ಸೆಲ್ ಒಳಗ ತೊಗೊಂಡಿಯೇನ?"

"ತೊಗೊಂಡೀನ್ರಿ ಅತ್ತೀ" ಎಂದ ಮೇಲೆಯೇ ಅಗಳಿ ಬೀಳುತ್ತಿತ್ತು.