ಕ್ವಾರಿ ಏರಿನಲ್ಲಿ ಬೆನ್ನಿಗೆ ತಾಗಿದ ಅಂಗೈ

ಮೂಢನಂಬಿಕೆಯ ವಿರುದ್ಧ ಶಾಲೆಯಿಂದ ಶಾಲೆಗೆ ತಿರುಗಿ ಮಾತನಾಡಿದವಳು ನಾನು. ದೆವ್ವದ ಹೆಸರು ಹೇಳಿ ಹೆಣ್ಣುಮಕ್ಕಳನ್ನು ಮನೆಯೊಳಗೆ ಕೂರಿಸುವುದು ಅನ್ಯಾಯವೆಂದು ಇಂದಿಗೂ ನಂಬಿದ್ದೇನೆ. ಹಾಗಾಗಿ ಇದನ್ನು ಬರೆಯಲು ಬಹಳ ಹಿಂಜರಿದೆ. ಆದರೆ ನಡೆದದ್ದನ್ನು ನಡೆದೇ ಇಲ್ಲವೆನ್ನುವುದೂ ಸುಳ್ಳೇ ಅಲ್ಲವೇ? ಇದು ನಡೆದದ್ದು. ನನಗೇ, ಪೂರ್ಣ ಎಚ್ಚರದಲ್ಲಿ.

ಕೆಂಗೇರಿಯ ಆಚೆ ಒಂದು ಗುಡ್ಡವಿದೆ. ಅದರ ಅರ್ಧವನ್ನು ಕಲ್ಲುಕ್ವಾರಿಯವರು ಕಡಿದು ಸಾಗಿಸಿದ್ದಾರೆ. ಏರುರಸ್ತೆ ನೆತ್ತಿ ತಲುಪುತ್ತಲೇ ತುಂಡಾಗುತ್ತದೆ. ಕೆಳಗೆ ನೀರು ನಿಂತ ಆಳವಾದ ಹೊಂಡ. ಬೇಲಿಯಿಲ್ಲ, ದೀಪವಿಲ್ಲ, ಎಚ್ಚರಿಕೆಯ ಫಲಕವಿಲ್ಲ. ಕೇಳಿದರೆ ಒಂದು ಇಲಾಖೆ ಇನ್ನೊಂದರತ್ತ ಬೆರಳು ತೋರಿಸುತ್ತದೆ.

ಕ್ವಾರಿಯ ಕಾವಲಿನವರು ಏಳುವ ಮೊದಲೇ ಆ ಅಂಚಿನ ಫೋಟೊ ತೆಗೆದು ದೂರು ಕೊಡಬೇಕೆಂದು ನಾನೂ ವೀಣಾಳೂ ಸೈಕಲ್ಲಿನಲ್ಲಿ ಹೊರಟೆವು. ವೀಣಾ ಬಸವೇಶ್ವರನಗರದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ನರ್ಸ್. ನನ್ನದು ಬಿನ್ನಿಪೇಟೆಯಲ್ಲಿ ಕೊಂಡ ಹಳೆಯ ಮೌಂಟನ್ ಬೈಕ್. ಬಳಸಬಹುದಾದ ವಸ್ತುವಿರುವಾಗ ಹೊಸದನ್ನು ಕೊಳ್ಳುವುದು ತಪ್ಪೆಂಬುದು ನನ್ನ ನಿಲುವು.

ಇನ್ನೂ ಬೆಳಕು ಹರಿದಿರಲಿಲ್ಲ. ಏರು ಶುರುವಾಯಿತು. ಗೇರ್ ಇಳಿಸಲು ಲಿವರ್ ಒತ್ತಿದೆ... ಟಕ್. ಚೈನು ಪೆಡಲಿನ ಬಳಿಯ ದೊಡ್ಡ ಹಲ್ಲುಚಕ್ರ ಬಿಟ್ಟು ಕದಲಲಿಲ್ಲ. ಮತ್ತೆ ಒತ್ತಿದೆ. ಟಕ್... ಟಕ್... ಪೆಡಲು ಬಂಡೆಯಂತೆ ಬಿಗಿಯಿತು.

“ಇದೂ ಸರ್ಕಾರದ್ದೇ ತಪ್ಪಾ ಅಕ್ಕಾ?” ಹಿಂದಿನಿಂದ ವೀಣಾ ನಕ್ಕಳು.

“ತಮಾಷೆ ಸಾಕು ಕಣೇ. ಗೇರ್ ಬೀಳ್ತಾ ಇಲ್ಲ.”

“ತುಳೀತಾ ಇರಿ, ಬಂದು ತಳ್ತೀನಿ. ಹಿಂದೆ ಮಾತ್ರ ತಿರುಗ್ಬೇಡಿ!”

ಸೈಕಲ್ ತುಳಿಯುವವರಲ್ಲಿ ಇದೊಂದು ಪದ್ಧತಿ. ಏರಿನಲ್ಲಿ ಸೋತವರ ಬೆನ್ನಿಗೆ ಜೊತೆಗಾರರು ಒಂದು ಅಂಗೈ ಇಟ್ಟು ತಳ್ಳುತ್ತಾರೆ. ಮುಂದಿನವರು ತಿರುಗಿ ನೋಡಿದರೆ ಹ್ಯಾಂಡಲ್ ವಾಲಿ ಇಬ್ಬರೂ ಬೀಳುತ್ತಾರೆ. ನಾವು ಇದನ್ನು ಎಷ್ಟೋ ಸಲ ಮಾಡಿದ್ದೆವು.

ಸ್ವಲ್ಪ ಹೊತ್ತಿಗೆ ಅಂಗೈ ಬಂತು. ಸೊಂಟಕ್ಕಿಂತ ತುಸು ಮೇಲೆ, ಬೆಚ್ಚಗೆ. ಸೈಕಲ್ ಹಗುರಾಯಿತು. ಕಲ್ಲುಪುಡಿಯ ವಾಸನೆ, ಎಲ್ಲೋ ಪ್ಲಾಸ್ಟಿಕ್ ಸುಟ್ಟ ಘಾಟು... ಕ್ವಾರಿಯವರನ್ನು, ಪರವಾನಗಿ ಕೊಟ್ಟವರನ್ನು, ಕಣ್ಣುಮುಚ್ಚಿ ಕುಳಿತವರನ್ನು ಒಬ್ಬೊಬ್ಬರನ್ನಾಗಿ ಬೈಯುತ್ತಾ ಏರಿದೆ. ವೀಣಾ ಒಮ್ಮೆಯೂ ಕಾಲೆಳೆಯಲಿಲ್ಲ. ಅವಳ ಏದುಸಿರೂ ಕೇಳಿಸಲಿಲ್ಲ. ನನ್ನ ಬೈಗುಳದ ನಡುವೆ ಕೇಳುತ್ತಿಲ್ಲವೆಂದುಕೊಂಡೆ.

ನೆತ್ತಿ ಹತ್ತಿರವಾಯಿತು. “ಸಾಕು ವೀಣಾ, ಇಲ್ಲೇ ನಿಲ್ಸು.”

ಕೈ ನಿಲ್ಲಲಿಲ್ಲ.

ಆಗ ಹ್ಯಾಂಡಲಿಗೆ ಸಿಕ್ಕಿಸಿದ್ದ ಫೋನು ಬೆಳಗಿತು. ಪರದೆಯ ಮೇಲೆ ವೀಣಾಳ ಹೆಸರು. ಬೆರಳು ತಾನಾಗಿ ಅದನ್ನು ಒತ್ತಿತು.

“ಅಕ್ಕಾ, ಎಲ್ಲಿದೀರ? ನನ್ನ ಟೈರ್ ಪಂಚರ್ ಆಗಿ ಕೆಳಗೇ ನಿಂತಿದೀನಿ. ಅಷ್ಟು ಕೂಗಿದ್ದು ಕೇಳಿಸ್ಲಿಲ್ವಾ?”

ಅಂಗೈ ಇನ್ನೂ ಬೆನ್ನಿನ ಮೇಲಿತ್ತು.

“ಅಕ್ಕಾ...” ವೀಣಾಳ ದನಿ ತಗ್ಗಿತು. “ನಿಮ್ಮ ಹಿಂದೆ ಬರ್ತಿರೋದು ಯಾರು? ನಿಮ್ಮ ಸೈಕಲ್ ಹಿಂದೆ ಇರೋದು ಒಂದೇ ಲೈಟ್ ಅಲ್ವಾ, ಇಲ್ಲಿಂದ ಎರಡು ಕೆಂಪು ಲೈಟ್ ಕಾಣ್ತಿದೆ.”

ಎರಡೂ ಬ್ರೇಕುಗಳನ್ನು ಹಿಡಿದೆ. ಏರಿನಲ್ಲಿ ಬ್ರೇಕ್ ಹಿಡಿದ ಸೈಕಲ್ ನಿಲ್ಲಲೇಬೇಕು. ನಿಲ್ಲಲಿಲ್ಲ. ತಿರುಗದ ಚಕ್ರಗಳು ಕಲ್ಲುಪುಡಿಯನ್ನು ಗೀರುತ್ತಾ, ಕರ್ರ್... ಎಂದು ಮೇಲಕ್ಕೇ ಜಾರಿದವು. ಮುಂದೆ ರಸ್ತೆ ಮುಗಿದು, ಬರೀ ಕಪ್ಪು.

ಹ್ಯಾಂಡಲ್ ಬಿಟ್ಟು ಪಕ್ಕದ ಲಂಟಾನ ಪೊದೆಗೆ ಉರುಳಿದೆ. ಸವಾರರಿಲ್ಲದ ಸೈಕಲ್ ಮುಂದೆ ಸಾಗಿತು. ಒಂದು ಕ್ಷಣ ಏನೂ ಇಲ್ಲ... ಆಮೇಲೆ ಬಹಳ ಕೆಳಗೆ, ನೀರಿನ ಸದ್ದು.

ತಿರುಗಿ ನೋಡಿದೆ. ರಸ್ತೆಯಲ್ಲಿ ಯಾರೂ ಇರಲಿಲ್ಲ.

ವೀಣಾ ಓಡುತ್ತಾ ಮೇಲೆ ಬಂದಾಗ ಬೆಳಕಾಗುತ್ತಿತ್ತು. ಮೈಮೇಲಿನ ಮುಳ್ಳು ಕೀಳುತ್ತಾ ಒಂದೇ ಮಾತು ಕೇಳಿದಳು: “ನನ್ನನ್ನ ದಾಟಿ ಯಾರೂ ಮೇಲೆ ಹೋಗ್ಲಿಲ್ಲ, ಯಾರೂ ಕೆಳಗೆ ಬರ್ಲೂ ಇಲ್ಲ. ಹಾಗಾದ್ರೆ ಆ ಲೈಟು?”

ದೂರು ಕೊಟ್ಟೆವು. ಅಚ್ಚರಿಯೆಂಬಂತೆ ಬೇಗನೆ ಬೇಲಿ ಬಂತು. ದೂರು ಬರೆದುಕೊಂಡ ಅಧಿಕಾರಿ ಮಾತ್ರ ತಲೆ ಎತ್ತಿ, “ಅಷ್ಟು ತುದಿವರೆಗೂ ಯಾಕೆ ಹೋದ್ರಿ ಮೇಡಂ? ಬ್ರೇಕ್ ಇರ್ಲಿಲ್ವಾ?” ಎಂದು ಕೇಳಿದ್ದರು.

“ಇತ್ತು,” ಎಂದೆ. ತಪ್ಪಿತಸ್ಥರನ್ನು ಹೆಸರಿಸದೆ ಸುಮ್ಮನಿದ್ದವಳಲ್ಲ ನಾನು. ಅಂದು ಸುಮ್ಮನಿದ್ದೆ.

ಈಗಲೂ ಬೆನ್ನನ್ನು ಗೋಡೆಗೆ ಒತ್ತಿಕೊಂಡೇ ಮಲಗುತ್ತೇನೆ. ಆ ಕೈಯಲ್ಲಿ ಕೋಪವಿದ್ದಿದ್ದರೆ ಅರ್ಥವಾಗುತ್ತಿತ್ತು. ಇರಲಿಲ್ಲ. ದಣಿದವಳಿಗೆ ನೆರವಾಗುವವರು ತಳ್ಳುವಂತೆಯೇ, ಅಷ್ಟೇ ಮೆಲ್ಲಗೆ, ಅಷ್ಟೇ ಅಕ್ಕರೆಯಿಂದ... ಅದು ನನ್ನನ್ನು ಅಂಚಿನತ್ತ ತಳ್ಳುತ್ತಿತ್ತು.