ಮಂಜಿನೊಳಗೆ ಗುಳೇದಗುಡ್ಡದ ದಾರಿ

ಒದ್ದೆ ಗಾಜಿಗೆ ತಂಬಾಕು ತಿಕ್ಕಿದಾಗ ಏಳುವ ಘಾಟು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಮೊನ್ನೆ ಹುನಗುಂದದಾಚೆ ಚಹಾದಂಗಡಿಯ ಮುಂದೆ ಲಾರಿಯ ಡ್ರೈವರನೊಬ್ಬ, ಹನಿ ನಿಲ್ಲದಿರಲೆಂದು, ಮುಂದಿನ ಗಾಜಿಗೆ ಹಾಗೆ ತಿಕ್ಕುತ್ತಿದ್ದ. ನಾನು ಕಾರು ಬದಿಗೆ ಹಾಕಿ, ನಡುದಾರಿಯಲ್ಲಿ ಕವಿದ ಮಂಜು ಕರಗಲೆಂದು ಬೇಡದ ಚಹಾ ಕುಡಿಯುತ್ತಿದ್ದೆ. ಮಂಜಿನ ದೀಪಗಳಿವೆಯೆಂದೇ ಹೆಚ್ಚಿನ ದುಡ್ಡು ಕೊಟ್ಟು ಆ ಕಾರು ಕೊಂಡವನು ನಾನು. ಮಂಜು ಕಂಡರೆ ಅದನ್ನು ಮನೆಯಿಂದ ಹೊರಗೆ ತೆಗೆಯದವನೂ ನಾನೇ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಅಪ್ಪನ ಹಳೆಯ ಜೀಪು, ಅದರ ಹಸಿ ಟಾರ್ಪಾಲು, ಮುಂದಿನ ಸೀಟಿನಲ್ಲಿ ಸೆರಗು ಹಿಂಡುತ್ತ ಕೂತ ಅವ್ವ, ಎಲ್ಲ ಎದುರಿಗೆ ಬಂದು ನಿಂತವು.

ಅದೂ ಚಳಿಗಾಲದ ಬೆಳಗೇ. ಅವ್ವನ ತಾಯಿ, ನಮ್ಮ ಆಯಿ, ಮಾತು ಬಿಟ್ಟಿದ್ದಾಳೆ, ಮಗಳ ಹಾದಿ ನೋಡುತ್ತಿದ್ದಾಳೆ ಎಂದು ಗುಳೇದಗುಡ್ಡದಿಂದ ಮಾವ ನಮ್ಮ ಎದುರುಮನೆಗೆ ಫೋನು ಮಾಡಿದ್ದ. ಅವರದು ಕುಪ್ಪಸದ ಖಣ ನೇಯುವ ಮನೆ. ಮಗ್ಗದ ಸದ್ದಿಗೇ ನಾನು ಅಲ್ಲಿ ನಿದ್ದೆ ಹೋಗುತ್ತಿದ್ದೆ. ಆಯಿಯ ಕೈ ಸದಾ ನೂಲಿನ ಗಂಜಿಯ ವಾಸನೆ ಹೊಡೆಯುತ್ತಿತ್ತು. ಇಳಕಲ್ಲಿನಿಂದ ಹೊರಟು ಗುಡೂರು ದಾಟಿ ಹೊಳೆಯ ಕಡೆ ಇಳಿಯುತ್ತಿದ್ದಂತೆ ರಸ್ತೆಯೇ ಮಾಯವಾಯಿತು. ಅಪ್ಪ ದೀಪ ತಗ್ಗಿಸಿದ, ಪಕ್ಕದ ಪರದೆ ಎತ್ತಿ ಕಿವಿ ಹೊರಗಿಟ್ಟ, ಎತ್ತಿನ ಗಾಡಿಗಿಂತ ನಿಧಾನವಾದ. ನಾನು ಹೆದರಿದ್ದು ತಿಳಿದು ಹೇಳಿದ: “ಇದು ನೆಲಕ್ಕ ಕುಂತ ಮೋಡ ತಮ್ಮಾ. ರಾತ್ರಿ ಮುಗಲಾಗ ಮೋಡ ಇರಲಿಲ್ಲ, ನೆಲದ ಕಾವೆಲ್ಲಾ ಮ್ಯಾಲ ಹಾರಿ ಹೋತು. ಹೊಳಿ ಕಡಿ ಹಸಿ ಗಾಳಿ ತಣ್ಣನ ನೆಲ ಮುಟ್ಟಿ ಹನಿ ಆಗೇತಿ.”

“ಪಾಠ ಆಮ್ಯಾಲ ಹೇಳ್ರಿ,” ಅವ್ವ ಅಂದಳು. “ದೊಡ್ಡ ಲೈಟ್ ಹಾಕ್ರಿ.”

“ಹಾಕಿದ್ರ ಬೆಳಕೆಲ್ಲಾ ಹೊಳ್ಳಿ ನಮ್ಮ ಕಣ್ಣಿಗೇ ಹೊಡೀತೈತಿ.”

“ಮುಂದ ಟ್ರ್ಯಾಕ್ಟರಿನ ಕೆಂಪ ದೀಪ ಕಾಣತೈತಿ, ಅದರ ಹಿಂದ ನಡೀರಿ.”

“ಅಂವ ತನ್ನ ಹೊಲಕ್ಕ ಹೊಳ್ಳತಾನ. ನಾವೂ ಹೋಗಿ ಕಬ್ಬಿನ್ಯಾಗ ಕೂಡೂದೇನು?”

ಅಷ್ಟರಲ್ಲಿ ಬಿಳುಪಿನೊಳಗಿಂದ ಒಂದು ಲಾರಿ ನಮ್ಮನ್ನು ಸವರಿಕೊಂಡೇ ಹೋಯಿತು. ಅಪ್ಪ ಜೀಪನ್ನು ರಸ್ತೆಯಿಂದ ಪೂರ್ತಿ ಕೆಳಗಿಳಿಸಿ, ಜೋಳದ ಹೊಲದ ಬದುವಿಗೆ ನಿಲ್ಲಿಸಿಬಿಟ್ಟ. ಬಿಸಿಲು ಏಳುವವರೆಗೂ ಅಲ್ಲಾಡುವುದಿಲ್ಲವೆಂದ. ಅವ್ವ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕೊನೆಗೆ ಬಹಳ ಮೆಲ್ಲಗೆ ಕೇಳಿದಳು: “ನಿಮ್ಮವ್ವ ಆಗಿದ್ರ ಹಿಂಗ ನಿಂದರಸ್ತಿದ್ರೇನ್ರಿ?” ಅಪ್ಪ ಚೀಲದಿಂದ ತಂಬಾಕು ತೆಗೆದು, ಚೊಕ್ಕಟವಾಗೇ ಇದ್ದ ಗಾಜನ್ನು ಮತ್ತೆ ತಿಕ್ಕತೊಡಗಿದ.

ನಾವು ಮುಟ್ಟಿದಾಗ ಚೆನ್ನಾಗಿ ಬಿಸಿಲಾಗಿತ್ತು. ಮಾವನ ಮನೆಯ ಮುಂದೆ ಓಣಿಯವರೆಲ್ಲ ನೆರೆದಿದ್ದರು. ಅಳುವವರು ಅತ್ತು ಸುಮ್ಮನಾಗಿದ್ದರು. ಮಗ್ಗಗಳು ನಿಂತಿದ್ದವು. ಅವ್ವ ಜೀಪಿನಿಂದ ಇಳಿದವಳು ಅದರ ಬಾನೆಟ್ ಹಿಡಿದುಕೊಂಡು ಅಲ್ಲೇ ನಿಂತಳು. ನಾನು ಜನರ ನಡುವೆ ನುಸುಳಿ ಓಡಿದೆ. ಪಡಸಾಲೆಯಲ್ಲಿ ಆಯಿ ಹೊಸ ಸೀರೆ ಉಟ್ಟು, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ಹೂವಿನ ಹಾರದಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ನನಗಾದ ಸಂತೋಷ ಹೇಳತೀರದು. ಬಾಗಿಲಿಗೆ ಬಂದು ಕೂಗಿದೆ: “ಅವ್ವಾ, ಆಯಿ ಎದ್ದ ಕುಂತಾಳ!”

ತೀರಿಕೊಂಡವರನ್ನು ನಮ್ಮಲ್ಲಿ ಹಾಗೆಯೇ ಕೂರಿಸುತ್ತಾರೆಂದು ನನಗೆ ಆಗ ಗೊತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಓಡಿ ಬಂದಳು.

ಆ ಮನೆ ಕೆಡವಿದ ಜಾಗದಲ್ಲಿ ಈಗ ಅಂಗಡಿಗಳ ಸಾಲಿದೆ. ಅಪ್ಪ ಹೋದ, ಅವ್ವನೂ ಹೋದಳು. ಹೊಲದ ಬದುವಿನಲ್ಲಿ ಕಳೆದ ಆ ಹೊತ್ತಿನ ಬಗ್ಗೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಆದರೆ ಮುಂದೆ ಅಪ್ಪ ಜೀಪು ತೆಗೆದಾಗಲೆಲ್ಲ, ಸುಡುಬಿಸಿಲಿದ್ದರೂ, ಅವ್ವ ಹೊಸ್ತಿಲಿಗೆ ಬಂದು “ಸಾವಕಾಶ ಹೋಗ್ರಿ” ಅನ್ನುತ್ತಿದ್ದಳು. ಅಪ್ಪ ಹೂಂ ಅನ್ನುತ್ತಿದ್ದ. ಅವಳ ಮುಖ ಮಾತ್ರ ನೋಡುತ್ತಿರಲಿಲ್ಲ.