ಕೊನೆಯ ಪುಟದಲ್ಲಿ ಬರೆದಿದ್ದರು

ಈ ಸಂಗತಿಯನ್ನು ನಾನು ಈವರೆಗೆ ಮೂರು ಥರ ಹೇಳಿದ್ದೇನೆ. ಒಂದರಲ್ಲಿ ಅಕ್ಕ ತಾನಾಗಿ ಡಬ್ಬಿ ಕೇಳಿದಳು. ಇನ್ನೊಂದರಲ್ಲಿ ಭಾವ ಒಯ್ದು ಕೊಟ್ಟ. ಮೂರನೆಯದರಲ್ಲಿ ನಾನೇ ಕೊಟ್ಟೆ. ಮೂರನೆಯದನ್ನು ಹೇಳುವಾಗ ಮಾತ್ರ ನಾಲಿಗೆ ತಡವರಿಸುತ್ತದೆ, ಹಾಗಾಗಿ ನಿಜ ಅದೇ ಇರಬೇಕು.

ಶಿರಸಿಯಲ್ಲಿ ನನ್ನದೊಂದು ಬೈಕ್, ಜೀಪುಗಳ ಬಿಡಿಭಾಗದ ಅಂಗಡಿ. ಅಕ್ಕನನ್ನು ಕೊಟ್ಟದ್ದು ಹೇರೂರಿನ ಕಡೆಗೆ. ಅಡಿಕೆ ಸುಲಿಯುವ ದಿನಗಳಲ್ಲಿ ಅವಳ ಕೈ ಕಾಯಿಯ ಕರೆಯಿಂದ, ನಮ್ಮ ಕಡೆಯ ಮಾತಿನಲ್ಲಿ ಚೊಗರಿನಿಂದ, ಇದ್ದಿಲಿನಂತಾಗಿರುತ್ತದೆ. ಒಂದು ಸಲ ಅಂಗಡಿಗೆ ಬಂದವಳು ಎರಡೂ ಕೈ ಮುಂದೆ ಚಾಚಿದಳು.

“ನೋಡು ತಮಾ. ಮದುವೆ ಮನೆಲ್ಲಿ ಬಡಿಸಲೆ ಹೋದ್ರೆ ಎಲ್ಲ ಯನ್ನ ಕೈಯನ್ನೇ ನೋಡ್ತ.”

ನಾನು ಕಪಾಟಿನಿಂದ ಎಂಜಿನ್ ಕ್ಲೀನರಿನ ಡಬ್ಬಿ ತೆಗೆದು ಅವಳ ಬೆರಳಿಗೆ ಸಿಂಪಡಿಸಿ ಬಟ್ಟೆಯಿಂದ ಒರೆಸಿದೆ. ಚೊಗರು ಎದ್ದುಬಂತು. ಅವಳು ನಕ್ಕಳು. ಒಂದು ಡಬ್ಬಿ ಚೀಲಕ್ಕೆ ಹಾಕಿ ಕೊಟ್ಟೆ.

ಎರಡು ಸುಗ್ಗಿ ಅವಳು ಅದನ್ನೇ ಬಳಸಿದಳು. ಮನೆಯವರಿಗೆ ವಾಸನೆ ಆಗದೆಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಕೈ ಒರೆಸುತ್ತಿದ್ದಳಂತೆ. ಮೊದಲು ಚರ್ಮ ಸುಲಿಯಿತು, ಕೊಬ್ಬರಿ ಎಣ್ಣೆ ಹಚ್ಚಿದಳು. ಆಮೇಲೆ ಬೆರಳ ತುದಿ ಜೋಮು ಹಿಡಿಯತೊಡಗಿತು. ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕೂತಾಗ ಹೆಬ್ಬೆರಳು ಕೊಯ್ದುಕೊಂಡು, ರಕ್ತ ಅಡಿಕೆಯ ಮೇಲೆ ಬಿದ್ದ ಮೇಲೆ ಅವಳಿಗೆ ಗೊತ್ತಾಯಿತು. ಕೊಯ್ದಾಗ ಗೊತ್ತಾಗಿರಲಿಲ್ಲ.

ನಾನು ಕರೆದೊಯ್ದು ತೋರಿಸಿದ ಡಾಕ್ಟರು ಸಕ್ಕರೆ ಕಾಯಿಲೆ ನೋಡಿದರು, ಇರಲಿಲ್ಲ. ಕತ್ತಿನ ಎಲುಬು ನೋಡಿದರು, ಸರಿಯಿತ್ತು. ಕೊನೆಗೆ ಕೈಗೆ ಏನಾದರೂ ಹಚ್ಚುತ್ತೀರಾ ಎಂದು ಕೇಳಿದರು. ಅವಳು ನನ್ನನ್ನು ನೋಡಿದಳು. ನಾನು ಡಬ್ಬಿಯ ಸಂಗತಿ ಹೇಳಿದೆ.

“ಆ ಡಬ್ಬಿಯಲ್ಲಿ ಏನೇನಿದೆ ಅಂತ ತಿಳಿದು ಹೇಳಿ. ಇಲ್ಲದೆ ನಾನು ಕತ್ತಲಲ್ಲಿ ತಡಕಬೇಕಾಗುತ್ತದೆ,” ಎಂದರು.

ಡಬ್ಬಿಯ ಮೇಲೆ ಹೊಳೆಯುವ ಎಂಜಿನ್ನಿನ ಚಿತ್ರವಿತ್ತು, ಬೆಂಕಿಯ ಗುರುತಿತ್ತು. ಒಳಗೇನಿದೆ ಎಂದು ಇರಲಿಲ್ಲ. ಸುರಕ್ಷತಾ ಮಾಹಿತಿ ಹಾಳೆ ನೋಡಿ ಎಂದಿತ್ತು. ಆ ಹಾಳೆ ನನ್ನ ಬಳಿಯೇ ಇತ್ತು. ಕ್ಲೀನರ್ ಮತ್ತು ಪೆಟ್ರೋಲಿಗೆ ಬೆರೆಸುವ ದ್ರಾವಣದ ಪೆಟ್ಟಿಗೆಗಳಲ್ಲಿ ಅಂಥ ಹಾಳೆಗಳ ಕಟ್ಟು ಬರುತ್ತದೆ. ಕಾಗದ ದಪ್ಪ, ಒಂದು ಮಗ್ಗುಲು ಖಾಲಿ. ನಾನು ಅದನ್ನು ಹರಿದು ಜೆಟ್ಟು, ವಾಷರಿನಂಥ ಸಣ್ಣ ಬಿಡಿಭಾಗ ಕಟ್ಟಿಕೊಡಲು ಬಳಸುತ್ತಿದ್ದೆ. ಡ್ರಾಯರಿನಲ್ಲಿ ಉಳಿದದ್ದು ಮೊದಲ ಪುಟಗಳು. ಕೊನೆಯ ಪುಟ ಇಡಗುಂದಿಯ ಯಾವುದೋ ಜೀಪಿನ ವಾಷರಿಗೆ ಸುತ್ತಿಕೊಂಡು ಹೋಗಿರಬೇಕು. ಇಡಗುಂದಿ ಎಂದು ಯಾಕೆ ಬರೆದೆನೋ ತಿಳಿಯದು. ಎಲ್ಲಿಗೋ ಹೋಗಿತ್ತು.

ಅಕ್ಕನನ್ನು ಅಂಗಡಿಯ ಸ್ಟೂಲಿನ ಮೇಲೆ ಕೂರಿಸಿ ಇಂಗ್ಲಿಷಿನಲ್ಲಿದ್ದ ಉಳಿದ ಪುಟಗಳನ್ನು ಕನ್ನಡಕ್ಕೆ ತಿರುಗಿಸಿ ಓದಿದೆ. ಗಾಳಿಯಾಡುವ ಜಾಗದಲ್ಲಿ ಬಳಸಿ. ಸೂಕ್ತವಾದ ಕೈಗವಸು ಧರಿಸಿ.

“ಕೈ ತೊಳೆಯಲೆ ಕೈಗವಸು ಹಾಕ್ಯಳವನೋ?” ಎಂದಳು. “ಸೂಕ್ತ ಅಂದ್ರೆ ಯಾವ್ದು?”

ಬರೆದಿರಲಿಲ್ಲ. ತೊಂದರೆಯಾದರೆ ವೈದ್ಯರನ್ನು ಕಾಣಿ ಎಂದಿತ್ತು. ವೈದ್ಯರು ಡಬ್ಬಿ ನೋಡಿ ಎಂದಿದ್ದರು, ಡಬ್ಬಿ ಹಾಳೆ ನೋಡಿ ಎಂದಿತ್ತು. ಹಾಳೆ ವೈದ್ಯರನ್ನು ನೋಡಿ ಎನ್ನುತ್ತಿತ್ತು. ಒಳಗಿನ ವಸ್ತುಗಳ ಜಾಗದಲ್ಲಿ ‘ಹೈಡ್ರೋಕಾರ್ಬನ್ ಮಿಶ್ರಣ’, ಅದರ ಮುಂದೊಂದು ಸಂಕೇತ: ಎಚ್ 373. ಅರ್ಥಕ್ಕೆ ಹದಿನಾರನೆಯ ವಿಭಾಗ ನೋಡಿ. ಅದು ಕೊನೆಯ ಪುಟ. ಫೋನಿನಲ್ಲಿ ಹುಡುಕಿದರೆ ದೀರ್ಘಕಾಲದ ಬಳಕೆಯಿಂದ ಅಂಗಾಂಗಕ್ಕೆ ಹಾನಿಯಾಗಬಹುದು ಎಂದಷ್ಟೇ ಸಿಕ್ಕಿತು. ಯಾವ ಅಂಗ ಎಂಬುದನ್ನು ಕಂಪನಿಯೇ ತುಂಬಬೇಕಂತೆ.

ಮನುಷ್ಯರಿಗೆ ಹೇಳಬೇಕಾದ ಒಂದೇ ಮಾತನ್ನು ಅಂಕಿಯಾಗಿಸಿ, ಆ ಅಂಕಿಯ ಅರ್ಥವನ್ನು ಯಾರೂ ತಲುಪದ ಪುಟದಲ್ಲಿ ಇಡಲು ಎಷ್ಟು ಜನ ಕೂತು ಯೋಚಿಸಿದರೋ! ಇದು ತಿಳಿಸಲು ಬರೆದ ಬರಹವಲ್ಲ. ನಾಳೆ ಯಾರಾದರೂ ಕೇಳಿದರೆ “ತಿಳಿಸಿದ್ದೆವಲ್ಲ” ಎನ್ನಲು ಬರೆದದ್ದು.

ಮಾಲು ಕಳಿಸುವ ಹಾವೇರಿಯ ಏಜೆಂಟರಿಗೆ ಫೋನು ಮಾಡಿದೆ.

“ಅದೆಲ್ಲಾ ಶಾಸ್ತ್ರಕ್ಕ ಇರೋದ್ರೀ. ಯಾರೂ ಓದಂಗಿಲ್ಲ. ನೀವ್ಯಾಕ ತಲಿ ಕೆಡಿಸ್ಕೋತೀರಿ?”

“ನನ್ನ ಅಕ್ಕನ ಬೆರಳು ಕೆಟ್ಟಿದೆ.”

“ಎಂಜಿನ್ನಿಗೆ ಹೊಡಿಯೋದನ್ನ ಕೈಗ್ಯಾಕ ಹೊಡದ್ರೀ?”

ಎಂಜಿನ್ನಿಗೆ ಹೊಡೆಯುವವನಿಗೂ ಕೈಯಿದೆ, ಮೂಗಿದೆ. ಅದನ್ನು ಕೂಗಿಯೇ ಹೇಳಿದೆ. ಮೂರು ದಿನ, ಏಳೆಂಟು ಫೋನು. ಕೊನೆಗೆ ವಾಟ್ಸಾಪಿನಲ್ಲಿ ಪೂರ್ತಿ ಹಾಳೆ ಬಂತು, ಮೇಲೊಂದು ಕೈಮುಗಿದ ಚಿತ್ರ.

ಹದಿನಾರನೆಯ ವಿಭಾಗದಲ್ಲಿ ಒಂದು ಸಾಲು: ದೀರ್ಘಕಾಲ ಅಥವಾ ಪದೇ ಪದೇ ಬಳಸಿದರೆ ನರಮಂಡಲಕ್ಕೆ ಹಾನಿಯಾಗಬಹುದು.

ಡಾಕ್ಟರು ಅದನ್ನು ಎರಡು ಸಲ ಓದಿದರು. ಆ ದ್ರಾವಣದ ಆವಿಗೂ ದೂರವಿರಬೇಕು, ನರಗಳು ನಿಧಾನವಾಗಿ ಚೇತರಿಸಿಕೊಳ್ಳುತ್ತವೆ, ತಿಂಗಳುಗಳೇ ಬೇಕು, ಪೂರ್ತಿ ಬರುತ್ತದೆಂದು ಮಾತು ಕೊಡಲಾರೆ ಎಂದರು. ಹೊರಗೆ ಬಂದು ಆಸ್ಪತ್ರೆಯ ಮೆಟ್ಟಿಲಲ್ಲೇ ನಿಂತು ನಾನು ಏಜೆಂಟರಿಗೆ ಮತ್ತೆ ಫೋನು ಹಚ್ಚಿ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಫೋನು ಇಟ್ಟ ಮೇಲೂ ಅನ್ನುತ್ತಿದ್ದೆ.

ಅಕ್ಕ ಕಾಯುತ್ತಿದ್ದಳು.

“ಈ ಕಾಗದ ಎಷ್ಟು ದಿನದಿಂದ ನಿನ್ನ ಹತ್ರ ಇತ್ತು?”

“ಮೊದಲ ಪೆಟ್ಟಿಗೆ ಬಂದಾಗಿಂದ.”

“ನಿಂಗೆ ಇಂಗ್ಲಿಷ್ ಓದಲೆ ಬತ್ತಲ?”

“ಬತ್ತು.”

“ಹಾಂಗಾದ್ರೆ ಅವ್ನ ಬೈದಿದ್ದು ಸಾಕು. ಈಗ ಯಂಗೆ ಬೈಯಲೆ ಬಿಡು.”

ಬಸ್ಸು ಬರುವ ತನಕ ನನ್ನನ್ನು ಬೈದಳು.